ನುಕೆಗಕೆ ಅಂದ್ರ ಸಾಲು ಬಿಟ್ಟು ಮುಂದ ಹೋಗೋದು

ನನ್ನ ಮೊಮ್ಮಗಳು ಜಪಾನಿ ಭಾಷೆಯ ಎಲ್ಲಕ್ಕಿಂತ ಮ್ಯಾಲಿನ ಪರೀಕ್ಷೆ ಪಾಸಾಗ್ಯಾಳ. ಇದನ್ನ ಮೊದಲ ಬರೆದುಬಿಡ್ತೀನಿ, ಇಲ್ಲಾಂದ್ರ ಮುಂದಿನದಕ್ಕ ಕೈ ಓಡಂಗಿಲ್ಲ. ಸುದ್ದಿ ಬಂದ ದಿನ ನಮ್ಮ ಓಣಿಯ ಪ್ರತಿ ಮನಿಗೂ ಹೋಗಿ ಸಕ್ಕರಿ ಹಂಚಿದೆ. ನನ್ನ ಜೋಡಿ ಮಾತು ಬಿಟ್ಟವರ ಮನಿಗೂ ಹೋದೆ, ಅವರೂ ನಕ್ಕೋತ ಬಾಯಿ ತೆರದರು. ಆಕಿ ರಾಯಚೂರಿನಾಗ ನರ್ಸ್ ಕಲಿಯೋ ಹುಡುಗಿಯರಿಗೆ ಈ ಭಾಷೆ ಹೇಳಿಕೊಡ್ತಾಳ. ನಾನು ಎರಡನೇ ಇಯತ್ತೆವರೆಗೆ ಸಾಲಿ ಕಂಡಾಕಿ. ನನ್ನ ಕರುಳಿನ ಕುಡಿ ಒಬ್ಬಾಕಿ ಇನ್ನೊಂದು ದೇಶದ ಮಾತನ್ನ ನೀರು ಕುಡದಂಗ ಆಡ್ತಾಳ ಅಂದ್ರ ನನ್ನ ಎದಿ ಎಷ್ಟು ಅಗಲ ಆಗಿರಬೇಕು ನೀವೇ ಲೆಕ್ಕ ಹಾಕ್ರಿ.

ರಜಾಕ್ಕ ಮಾನ್ವಿಗೆ ಬಂದಾಗ ಆಕಿ ನನ್ನ ಮುಂದ ಕುಂತು ಮಾತುಗಳನ್ನ ಉರು ಹೊಡೀತಾಳ. ನಾನು ಮೊರದಾಗ ಅಕ್ಕಿ ಹಸನ ಮಾಡ್ತಿರ್ತೀನಿ, ಆಕಿ ಒಂದು ಮಾತು ಹೇಳಿ ಅರ್ಥ ಹೇಳ್ತಾಳ, ನಾನು ಹೂಂ ಅಂತೀನಿ. ಹಂಗ ಒಂದಿನ ಬಂದ ಮಾತು 'ನುಕೆಗಕೆ'. ಇದು ಸಣ್ಣ ಹುಡುಗರ ಮಾತಲ್ಲ, ಭಾಷೆ ಪೂರಾ ಕಲಿತವರಿಗೆ ಮಾತ್ರ ಬರೋದು ಅಂದಳು. ಹಿಂದಕ್ಕ ಅವರ ದೇಶದಾಗ ಯುದ್ಧಕ್ಕ ಹೋದಾಗ, ದಂಡೆಲ್ಲಾ ಕೂಡಿ ನುಗ್ಗಬೇಕು ಅಂತ ಮಾತಾಗಿರ್ತಿತ್ತಂತ. ಅದರಾಗ ಒಬ್ಬ ಮಾತ್ರ ಯಾರಿಗೂ ಹೇಳದ ಡೇರೆಯಿಂದ ಜಾರಿ, ಕುದುರಿ ಓಡಿಸಿಕೊಂಡು ಹೋಗಿ, ವೈರಿ ಮ್ಯಾಲ ಮೊದಲ ಬಿದ್ದಾಂವ ನಾನು ಅಂತ ಹೆಸರು ಗಿಟ್ಟಿಸಿಕೊಳ್ತಿದ್ದನಂತ. ನುಕೆ ಅಂದ್ರ ಜಾರಿಕೊಳ್ಳೋದು, ಗಕೆ ಅಂದ್ರ ಓಡೋದು. ಈಗ ಕುದುರಿ ಇಲ್ಲ, ಡೇರೆ ಇಲ್ಲ, ಮಾತು ಮಾತ್ರ ಉಳದದ. ಗೆಳತ್ಯಾರೆಲ್ಲಾ ಕೂಡಿ ಸೀರಿ ಅಂಗಡಿಗೆ ಹೋಗೋಣು ಅಂತ ಮಾಡಿಕೊಂಡಾಗ ಒಬ್ಬಾಕಿ ಮೊದಲ ಹೋಗಿ ಚಲೋದು ಆರಿಸಿಕೊಂಡು ಬಂದ್ರ ಅದು ನುಕೆಗಕೆ. ಅದಕ್ಕ ಮೊದಲ ಮಾತು ತಗೊಳ್ತಾರಂತ, 'ನುಕೆಗಕೆ ವ ನಶಿ' ಅಂತ. ಯಾರೂ ಜಾರಿ ಮುಂದ ಹೋಗಂಗಿಲ್ಲ ಅಂತ ಅದರ ಅರ್ಥ.

"ಹಂಗಾದ್ರ ಮೋಸ ಅನ್ನು, ಅದಕ್ಯಾಕ ಇಷ್ಟು ಉದ್ದ ಹೆಸರು?" ಅಂದೆ.

"ಅಲ್ಲ ಯವ್ವಾ. ಮೋಸಕ್ಕ ಬ್ಯಾರೆ ಮಾತದ, ಉರಗಿರಿ. ಅದನ್ನ ಮಾಡಿದಾಂವ ವೈರಿ ಕಡಿ ಕೂಡ್ತಾನ. ನುಕೆಗಕೆ ಮಾಡಿದಾಂವ ವೈರಿ ಕಡಿ ಹೋಗಂಗಿಲ್ಲ. ಎಲ್ಲರೂ ಹೊಂಟ ಯುದ್ಧಕ್ಕೇ ಅವನೂ ಹೋಗ್ತಾನ. ತನ್ನವರನ್ನ ಹಿಂದ ಬಿಟ್ಟು ಹೋಗ್ತಾನ, ಅಷ್ಟ."

ನಾನು ಮೊರ ಕೆಳಗಿಟ್ಟೆ. ಇಷ್ಟು ವರ್ಷ ನನಗ ಸಿಗದಿದ್ದ ಮಾತು ಅದು. ಯಾಕಂತ ಹೇಳ್ತೀನಿ.

ಎಪ್ಪತ್ತನೇ ಇಸವಿ ಮುಗಿದು ಎಂಬತ್ತು ಹತ್ತಿರ ಬಂದ ಕಾಲ. ಕಾಲುವಿ ನೀರು ಬಂದು ಮಾನ್ವಿ ಸುತ್ತ ಜ್ವಾಳದ ಹೊಲೆಲ್ಲಾ ಭತ್ತದ ಗದ್ದಿ ಆಗಿದ್ದವು. ನಾವು ಆರು ಮಂದಿ ಹೆಣ್ಣುಮಕ್ಕಳು ಕೂಡಿ ನಾಟಿಗೆ ಹೋಗ್ತಿದ್ದೆವು. ಸಾಲಿನಾಗ ಯಾರ ಮಗ್ಗಲು ಯಾರು ನಿಲ್ಲಬೇಕು ಅನ್ನೋದು ಬದಲಾಗ್ತಿದ್ದಿಲ್ಲ. ನನ್ನ ಬಲಕ್ಕ ನಿಲ್ಲಾಕಿ ನನ್ನ ಓರಗಿಯಾಕಿ. ಆಕಿ ಹೆಸರು ಬರಿಯಂಗಿಲ್ಲ, ಆಕಿ ಮಕ್ಕಳು ಈಗಲೂ ನನಗ ಎದುರಿಗೆ ಸಿಕ್ರ ಯವ್ವಾ ಅಂತಾರ. ಬಲಮಗ್ಗಲಿನಾಕಿ ಅಂತೀನಿ. ಸಾಲಿನ ಎಡ ತುದಿಗೆ ನಿಲ್ಲಾಕಿಗೆ ವಯಸ್ಸಾಗಿತ್ತು, ಬಾಯಿ ಮಾತ್ರ ಹರೇದ್ದು. ಆಕಿಗೆ ಹಿರೇಕಿ ಅಂತಿದ್ದೆವು.

ನಾಟಿ ಮಾಡಿದವರಿಗೆ ಗೊತ್ತದ, ಅಲ್ಲಿ ಕೆಲಸ ಮುಂದ ಹೋಗೋದು ಅಂದ್ರ ಮಂದಿ ಹಿಂದಕ್ಕ ಸರಿಯೋದು. ಬಗ್ಗಿ ನೆಟ್ಟುಗೋತ ಎಲ್ಲರೂ ಕೂಡೇ ಹಿಂದಕ್ಕ ಹೆಜ್ಜಿ ಇಡಬೇಕು. ಒಬ್ಬಾಕಿ ಚುರುಕು ಅಂತ ತಾನೊಬ್ಬಾಕಿ ಸರದ್ರ ಒಬ್ಬರು ನೆಟ್ಟ ಅಗಿ, ಅಂದ್ರ ಭತ್ತದ ಸಸಿ, ಇನ್ನೊಬ್ಬರ ಕಾಲಾಗ ಹೋಗ್ತದ. ಅದಕ್ಕ ನಮ್ಮಾಗ ಒಂದು ರೂಢಿ ಇತ್ತು: ತನ್ನದು ಮುಗಿದಾಕಿ ಮಗ್ಗಲಿನಾಕಿ ಕಡಿ ನಾಕು ಅಗಿ ಊರಬೇಕು, ಸಾಲು ಬಿಟ್ಟು ಸರಿಯಬಾರದು.

ಆ ವರ್ಷ ಒಬ್ಬ ಗ್ರಾಮಸೇವಕ ಸೈಕಲ್ ಹೊಡಕೊಂಡು ನಮ್ಮ ಕೇರಿಗೆ ಬಂದ. ಜಪಾನಿ ಪದ್ಧತಿಯ ಭತ್ತ ಕಲಿಸ್ತೀನಿ ಅಂದ. ಜಪಾನ್ ಯಾ ಕಡಿ ಬರ್ತದಪಾ ಅಂತ ಹಿರೇಕಿ ಕೇಳಿದಳು. ಸಮುದ್ರ ದಾಟಿ ಅಂದ. "ಹಂಗಾದ್ರ ಅವರೂ ಕಾಲುವಿ ಕೊನಿಯಾಗೇ ಇದ್ದಾರ, ಪಾಪ, ನಮ್ಮಂಗ" ಅಂದಳು ಹಿರೇಕಿ. ಅವನೂ ನಕ್ಕ. ಮನಷ್ಯಾ ಚಲೋ ಇದ್ದ, ನಮ್ಮನ್ನ ಬದುವಿನ ಮ್ಯಾಲ ನಿಂತು ಕಲಿಸಲಿಲ್ಲ, ಪ್ಯಾಂಟು ಮಡಚಿ ಕೆಸರಿಗೆ ಇಳದು ಕಲಿಸಿದ.

ಆ ಪದ್ಧತಿ ಹಿಂಗ. ಉಪ್ಪಿನ ನೀರಾಗ ಕೋಳಿ ತತ್ತಿ ಬಿಡಬೇಕು. ತತ್ತಿ ತೇಲೋವರೆಗೆ ಉಪ್ಪು ಹಾಕಬೇಕು. ಆ ನೀರಿಗೆ ಬೀಜ ಸುರುವಿದ್ರ ಜೊಳ್ಳು ಮ್ಯಾಲ ಬರ್ತದ, ಗಟ್ಟಿ ಬೀಜ ತಳಾ ಸೇರ್ತದ. ತಳದ್ದನ್ನ ಸಿಹಿನೀರಾಗ ತೊಳದು, ಗೋಣಿಚೀಲದಾಗ ಕಟ್ಟಿ, ಹುಲ್ಲಿನಾಗ ಮುಚ್ಚಿ ಮೊಳಕಿ ಬರಿಸಬೇಕು. ಅಗಿ ಹಾಕೋ ಮಡಿ ನೆಲಕ್ಕಿಂತ ಎತ್ತರ ಇರಬೇಕು, ನಡುವ ನೀರು ಹರಿಯಾಕ ದಾರಿ ಬಿಡಬೇಕು, ಬೀಜ ತೆಳ್ಳಗ ಚೆಲ್ಲಬೇಕು. ಮೊದಲ ನಾವು ಕೂದಲಿನಂಗ ದಟ್ಟ ಚೆಲ್ತಿದ್ದೆವು. ನಾಟಿ ಮಾಡುವಾಗ ಹಗ್ಗ ಹಿಡದು, ಹಗ್ಗಕ್ಕ ಗೇಣಿಗೊಂದು ಗುರುತು ಕಟ್ಟಿ, ಗುರುತಿಗೊಂದು ಬುಡ ನೆಡಬೇಕು.

ಹಗ್ಗ ತರಾಕ ನಾನೂ ಬಲಮಗ್ಗಲಿನಾಕಿನೂ ರಾಯಚೂರಿಗೆ ಹೋದೆವು. ಗಂಜ್ ಬಜಾರದ ಹತ್ತಿರ ಹಗ್ಗ ತಗೊಂಡು, ಒಬ್ಬ ದರ್ಜಿಯ ಕಡಿಂದ ಕೆಂಪು ಚಿಂದಿ ಬೇಡಿಕೊಂಡು, ವಾಪಸ್ ಬರುವಾಗ ಬಸ್ಸಿನಾಗೇ ಕುಂತು ಗೇಣು ಅಳದು ಚಿಂದಿ ಕಟ್ಟಿದೆವು. ಇದು ಯಾವ ದೇವರ ಹರಕಿ ಅಂತ ಕಂಡಕ್ಟರ್ ಕೇಳಿದ. ಜಪಾನಿನ ದೇವರದು, ನೀನೂ ಒಂದು ಗಂಟು ಕಟ್ಟು, ಮದುವಿ ಆಗ್ತದ ಅಂದಳು ಬಲಮಗ್ಗಲಿನಾಕಿ. ಬಸ್ಸಿಗೆ ಬಸ್ಸೇ ನಕ್ಕಿತು. ಆಕಿ ಹಂಗ. ಆಕಿ ಜೋಡಿ ಇದ್ರ ಬಿಸಿಲು ಹತ್ತುತಿದ್ದಿಲ್ಲ.

ಇಷ್ಟೆಲ್ಲಾ ನಾವು ಮಾಡಿದ್ದು ಇನ್ನೊಬ್ಬರ ಗದ್ದಿಗಲ್ಲ. ನಮ್ಮ ಆರು ಮಂದಿಯೊಳಗ ಯಾರಿಗೂ ತುಂಡು ನೆಲ ಇದ್ದಿಲ್ಲ. ಈ ಸಲ ನಾವೇ ಒಂದು ಹೊಲ ಪಾಲಿಗೆ ಹಿಡಿಯೋಣು, ನಾವು ನೆಟ್ಟಿದ್ದನ್ನ ನಾವೇ ಕೊಯ್ಯೋಣು, ಒಮ್ಮೆರ ನಮ್ಮ ಗದ್ದಿ ಅಂತ ಅನ್ನೋಣು ಅಂತ ಮಾಡಿಕೊಂಡಿದ್ದೆವು. ಮಾನ್ವಿ ಹತ್ತಿರ ಕಾಲುವಿ ಕೊನಿಯಾಗ ದೇವದುರ್ಗದ ಒಬ್ಬ ಧಣಿಯ ಹೊಲ ಬೀಳು ಬಿದ್ದಿತ್ತು. ಕೊನಿ ಅಂದ್ರ ಮ್ಯಾಲಿನವರು ದಯಾ ತೋರಿಸಿದ್ರ ನೀರು, ಇಲ್ಲಾಂದ್ರ ಇಲ್ಲ. ಅದಕ್ಕ ಯಾರೂ ಅದನ್ನ ಕೇಳ್ತಿದ್ದಿಲ್ಲ.

ನಾವು ಆರೂ ಮಂದಿ ದೇವದುರ್ಗಕ್ಕ ಹೋಗಿ ಧಣಿಯ ಪಡಸಾಲಿ ಮುಂದ ನಿಂತೆವು. ಧಣಿ ಮಾತಾಡಿದ್ದು ಸಮ ಇತ್ತು. ಮೊದಲ ನೀರು ಹೊಲ ಮುಟ್ಟಲಿ, ನೀರು ಮುಟ್ಟಿದ ಮ್ಯಾಲ ಎಲಿ-ಅಡಿಕಿ ತಗೊಂಡು ಬರ್ರಿ, ಅರ್ಧಪಾಲಿಗೆ ಕೊಡ್ತೀನಿ ಅಂದ. ಆ ಕಾಲಕ್ಕ ಪಾಲಿನ ಹೊಲಕ್ಕ ಕಾಗದ ಇಲ್ಲ, ಸಾಕ್ಷಿ ಇಲ್ಲ. ಧಣಿ ಯಾರ ಕೈಯಾಗಿನ ಎಲಿ-ಅಡಿಕಿ ಹಿಡದನೋ ಆ ವರ್ಷದ ಹೊಲ ಅವರದು. ಒಮ್ಮೆ ಹಿಡದ ಮ್ಯಾಲ ಅಪ್ಪ ಬಂದ್ರೂ ಬದಲಿಲ್ಲ. ಆದ್ರ ಆರು ಮಂದಿ ಕೈಯಾಗ ಹೆಂಗ ಹಿಡಿಲಿ, ನಿಮ್ಮ ಗಂಡಂದಿರೊಳಗ ಒಬ್ಬನ್ನ ಕಳಸ್ರಿ ಅಂತ ಧಣಿ ನಕ್ಕ. ತಾಟು ಒಂದೇ ತರ್ತೀವ್ರಿ, ಆರೂ ಮಂದಿ ಅದಕ್ಕ ಕೈ ಹಚ್ಚಿ ಹಿಡೀತೀವಿ ಅಂದೆ ನಾನು. ಆಯ್ತು ಅಂದ.

ಅಗಿ ಹಾಕಾಕ ನೆಲ ಬೇಕಿತ್ತಲ್ಲ. ಊರ ಹೊರಗ ಬದನಿಕಾಯಿ ಬೆಳಿಯೋ ಒಬ್ಬ ಮುಸಲ್ಮಾನ ಮುದುಕ ಇದ್ದ, ಎಲ್ಲರೂ ತೋಟದ ಚಾಚಾ ಅಂತಿದ್ದರು. ತನ್ನ ಬಾವಿ ಮಗ್ಗಲು ಒಂದು ಮೂಲಿ ಬಿಟ್ಟುಕೊಟ್ಟ. ಕಾಲುವಿ ನೀರು ಬರೋದಕ್ಕ ಮೊದಲೇ ಅಗಿ ತಯಾರಿದ್ರ ನೀರು ಬಂದ ಕೂಡಲೇ ನಾಟಿ ಮಾಡಬಹುದು ಅಂತ ನಮ್ಮ ಲೆಕ್ಕ. ಬೀಜ ಚೆಲ್ಲುವ ದಿನ ಮೊಳಕಿ ಬಂದ ಬೀಜ ಬೊಗಸಿಯಾಗ ಹಿಡದು ಆರೂ ಮಂದಿ ಮಾತು ಕೊಟ್ಟುಕೊಂಡೆವು. ಧಣಿ ಮನಿಗೆ ಹೋದ್ರ ಕೂಡೇ, ಇಲ್ಲಾಂದ್ರ ಇಲ್ಲ. ಆ ಮಾತನ್ನ ಮೊದಲ ಆಡಿದಾಕಿ ಬಲಮಗ್ಗಲಿನಾಕಿ.

ಮಡಿ ಹಸಿರಾತು. ಇಂಥಾ ಅಗಿ ನಾವು ಹುಟ್ಟಿದಾಗಿಂದ ಕಂಡಿದ್ದಿಲ್ಲ. ಗಿಡ್ಡ, ದಪ್ಪ, ಬುಡ ಹಿಚುಕಿದ್ರ ಗಟ್ಟಿ. ಚಾಚಾ ತನ್ನ ಬದನಿ ಬಿಟ್ಟು ಅವನ್ನೇ ನೋಡಿಕೋತ ಕುಂಡ್ರತಿದ್ದ.

ಕಾಲುವಿ ನೀರು ಬಂದ ದಿನ ನಾನೂ ಬಲಮಗ್ಗಲಿನಾಕಿನೂ ಹೊಲದ ಹತ್ತಿರಾನೇ ಇದ್ದೆವು. ಮೊದಲ ನೊರಿ ಬಂತು, ಒಣ ಎಲಿ ಕಸಾ ತಳ್ಳಿಕೊಂಡು, ಹಿಂದಿನಿಂದ ಕೆಂಪು ನೀರು. ತೂಬು ದಾಟಿ ಧಣಿ ಹೊಲದ ಬಿರುಕಿನಾಗ ಇಳೀತು. ಬಿರುಕಿನಾಗಿಂದ ಗುಳುಗುಳು ಗಾಳಿ ಹೊರಗ ಬಂತು. ನಾವಿಬ್ಬರೂ ಒಬ್ಬರನ್ನೊಬ್ಬರು ತೆಕ್ಕಿ ಹಾಯ್ದು ನಿಂತೆವು. ನಾಳಿ ಬೆಳಿಗ್ಗಿ ಬಸ್ಸಿಗೆ ಹೋಗೋಣು ಅಂದೆ.

ಆಕಿ ಮಾರಿ ಸಣ್ಣದು ಮಾಡಿದಳು. "ಕೂಸಿಗೆ ಮೈ ಬಿಸಿ ಅದ. ನಾಳಿ ಒಂದಿನ ತಡೀರಿ. ನನ್ನ ಬಿಟ್ಟು ಹೋಗಬ್ಯಾಡ್ರಿ, ಎಲ್ಲರೂ ಕೂಡೇ ಹೋಗೋಣು."

ತಡದೆವು. ಹಿರೇಕಿ ಒಬ್ಬಾಕಿ ಗೊಣಗಿದಳು, ಕೊನಿ ಹೊಲಕ್ಕ ನೀರು ಬಂದದ ಅನ್ನೋ ಸುದ್ದಿ ಕಾಲಿಲ್ಲದ ಓಡ್ತದ ಅಂತ. ನಾನೇ ಆಕಿ ಬಾಯಿ ಮುಚ್ಚಿಸಿದೆ. ಮರುದಿನ ಕೂಸಿಗೆ ಅಂತ ಬಜಿ ಬೇರು ಕುದಿಸಿ ಕಷಾಯ ಮಾಡಿಕೊಂಡು ಆಕಿ ಮನಿಗೆ ಹೋದೆ. ಕದಕ್ಕ ಕೀಲಿ ಇತ್ತು. ಕೂಸನ್ನ ರಾಯಚೂರಿನ ಡಾಕ್ಟರ್ ಕಡಿ ಒಯ್ದಾಳ ಅಂತ ಮಗ್ಗಲ ಮನಿಯವರು ಅಂದರು. ನಾನು ಕಷಾಯ ಆಕಿ ಕಟ್ಟಿ ಮ್ಯಾಲ ಮುಚ್ಚಿ ಇಟ್ಟು ಬಂದೆ. ಅದರ ಮಾರನೇ ದಿನ ಬಸ್ ಸ್ಟ್ಯಾಂಡಿನಾಗ ಆಕಿ ಸಲುವಾಗಿ ಕಾದೆವು. ಮೊದಲಿನ ಬಸ್ಸು ಬಿಟ್ಟೆವು. ಕೂಸು ಇನ್ನೂ ಮಲಗಿರಬೇಕು, ಆಕಿ ಕೈ ಬದಲಿ ನನ್ನ ಎರಡೂ ಕೈ ತಾಟಿಗೆ ಹಚ್ತೀನಿ ಅಂತ ಅಂದುಕೊಂಡು ಐದು ಮಂದಿ ಹತ್ತಿದೆವು.

ಧಣಿ ಪಡಸಾಲಿಯಾಗ ಕುಂತಿದ್ದ. ನಮ್ಮ ತಾಟು ನೋಡಿ ಅವನಿಗೇ ಅಚ್ಚರಿ ಆತು.

"ಮತ್ಯಾಕ ತಂದ್ರಿ? ನಿನ್ನಿನೇ ನಿಮ್ಮಾಕಿ ಗಂಡನ ಕರಕೊಂಡು ಬಂದು ಎಲಿ-ಅಡಿಕಿ ಕೊಟ್ಟು ಹೋದಳಲ್ಲ. ಎಲ್ಲರ ಪರವಾಗಿ ಅಂತ ನಾ ತಿಳಕೊಂಡೆ. ನಿಮ್ಮಾಕಿ ಅಲ್ಲೇನು ಆಕಿ?"

ಅವನ ಪ್ರಶ್ನೆ ಸಣ್ಣದು. ಅಲ್ಲ ಅಂತ ಅಂದಿದ್ರ ಏನಾರ ಆಗ್ತಿತ್ತೋ ಏನೋ. ಆದ್ರ ಎಲಿ ಹಿಡದ ಕೈ ಅವನು ಎರಡನೇ ಸಲ ಚಾಚಂಗಿಲ್ಲ ಅನ್ನೋದು ನನಗ ಗೊತ್ತಿತ್ತು. ಅಲ್ಲದ ಧಣಿ ಮುಂದ ನಿಂತು ನಮ್ಮಾಕಿ ಹಿಂಗ ಮಾಡಿದಳು ಅಂತ ಹೇಳಿಕೊಳ್ಳಾಕ ನಾಲಿಗಿ ಹೊರಳಲಿಲ್ಲ. "ಹೌದ್ರೀ, ನಮ್ಮಾಕಿನ" ಅಂದೆ. ತಾಟು ಸೆರಗಿನಾಗ ಮುಚ್ಚಿಕೊಂಡು ಹೊಳ್ಳಿ ಬಂದೆವು.

ಬಸ್ಸಿನಾಗ ಸಿರವಾರ ದಾಟೋವರೆಗೆ ಹಿರೇಕಿ ತಾಟಿನ ಕಡಿ ನೋಡಿಕೋತ ಕುಂತಿದ್ದಳು. ಆಮ್ಯಾಲ ಒಂದು ಎಲಿ ತಗೊಂಡು ತೊಡಿಗೆ ಒರಸಿ, ಸುಣ್ಣ ಹಚ್ಚಿ, ಅಡಿಕಿ ಇಟ್ಟು ಬಾಯಿಗೆ ಹಾಕಿಕೊಂಡಳು. ಒಣಗಿಸಾಕೇನು ತಂದಿದ್ದು ಅಂತ ನಮಗೂ ಒಂದೊಂದು ಮಡಚಿ ಕೊಟ್ಟಳು. ಧಣಿಗೆ ಅಂತ ಸೋಸಿ ಆರಿಸಿದ ಚಿಗುರು ಎಲಿ. ಐದೂ ಮಂದಿ ತಿಂದೆವು. ಮಾನ್ವಿಯಾಗ ಇಳದಾಗ ನಮ್ಮ ಬಾಯಿ ನೋಡಿ, ಯಾರ ಮದುವಿಗೆ ಹೋಗಿದ್ರಿ ಅಂತ ಕೇಳಿದರು.

ಸೀದಾ ಆಕಿ ಮನಿಗೆ ಹೋದೆವು. ಕೂಸು ಅಂಗಳದಾಗ ಆಡ್ತಿತ್ತು, ಗಟ್ಟಿಮುಟ್ಟಿ ಇತ್ತು. ಆಕಿ ಹೊರಗ ಬಂದಳು, ಅಳುಕಲಿಲ್ಲ. ಅದೇ ನನಗ ಇವತ್ತಿಗೂ ಚುಚ್ಚೋದು. ಸಿರವಾರದ ಯಾರೋ ಆ ಹೊಲದ ಮ್ಯಾಲ ಕಣ್ಣು ಇಟ್ಟಿದ್ದರಂತ, ಗಂಡ ಸುದ್ದಿ ತಂದನಂತ, ಆರು ಮಂದಿ ಕೂಡೋದರಾಗ ಕೈ ಬಿಟ್ಟು ಹೋಗ್ತಿತ್ತಂತ. ಹೇಳಿ ಹೋಗಾಕ ಏನಾಗಿತ್ತು ಅಂತ ಕೇಳಿದೆ. ಹೇಳಿದ್ರ ಎಲ್ಲರೂ ಬರ್ತೀವಿ ಅಂತಿದ್ರಿ, ಗಂಡ ಒಬ್ಬಾಕಿನೇ ನಡಿ ಅಂದ ಅಂದಳು. ಆಮ್ಯಾಲ ನನ್ನ ಕೈ ಹಿಡಕೊಂಡಳು.

"ಹೊಲ ಮೊದಲ ಹಿಡಕೊಂಡೆ, ಅಷ್ಟ. ನಿಮ್ಮನ್ನ ಬಿಟ್ಟೆ ಅಂತ ಯಾರ ಅಂದ್ರು? ಬರ್ರಿ, ನಾಟಿಗೆ ನೀವೇ ಬರ್ರಿ. ಎಲ್ಲರಿಗಿಂತ ಚಲೋ ಕೂಲಿ ಕೊಡ್ತೀನಿ. ಆ ಅಗಿನೂ ತಂದುಬಿಡ್ರಿ, ಸುಮ್ಮನ ಹಾಳಾಗ್ತಾವ."

ಕೂಲಿ ಅಂದಳು. ಯಾವ ಹೊಲದಾಗ ನಮ್ಮ ಗದ್ದಿ ಅಂತ ಅನ್ನಬೇಕು ಅಂತಿದ್ದೆವೋ ಅದೇ ಹೊಲದಾಗ. ಆಕಿ ಧಣಿ ಕಡಿ ಕೂಡಿರಲಿಲ್ಲ, ವೈರಿ ಆಗಿರಲಿಲ್ಲ. ನಾವು ಐದೂ ಮಂದಿ ಏನು ಬಯಸಿದ್ದೆವೋ ಅದನ್ನೇ ಆಕಿನೂ ಬಯಸಿದ್ದಳು. ಮೋಸಗಾತಿ ಅಂತ ಬೈಯಾಕ ಬಾಯಿ ತೆರದ್ರ ಆ ಮಾತು ಆಕಿಗೆ ಸರಿ ಕೂಡುತಿದ್ದಿಲ್ಲ, ಬೈಯದ ಇದ್ರ ಎದಿಯಾಗಿನ ಕಲ್ಲು ಇಳೀತಿದ್ದಿಲ್ಲ. ಮೊಮ್ಮಗಳ ಆ ಮಾತು ಅವತ್ತು ನನಗ ಗೊತ್ತಿದ್ರ ಅಂದುಬಿಡ್ತಿದ್ದೆ. ಗೊತ್ತಿದ್ದಿಲ್ಲ. ಕೈ ಬಿಡಿಸಿಕೊಂಡು ಬಂದೆ.

ಈಗ ನಮ್ಮ ಹತ್ತಿರ ಅಗಿ ಇತ್ತು, ನೆಲ ಇದ್ದಿಲ್ಲ. ಆಕಿ ಹತ್ತಿರ ನೆಲ ಇತ್ತು, ಅಗಿ ಇದ್ದಿಲ್ಲ. ಅಗಿಗೆ ವಯಸ್ಸು ಅಂತ ಒಂದು ಇರ್ತದ. ಹೊತ್ತಿಗೆ ನೆಟ್ರ ಮರಿ ಒಡೆದು ಬುಡ ತುಂಬತದ. ಹೊತ್ತು ಮೀರಿದ್ರ ಮಡಿಯಾಗೇ ಗೆಣ್ಣು ಕಟ್ಟತದ, ಕೆಳಗಿನ ಎಲಿ ಹಳದಿ ಆಗ್ತಾವ, ಆಮ್ಯಾಲ ನೆಟ್ರ ಒಂದು ಬುಡಕ್ಕ ಒಂದೇ ತೆನಿ. ನಾನು ದಿನಾ ಬೆಳಿಗ್ಗಿ ಹೋಗಿ ಒಂದು ಅಗಿ ಕಿತ್ತು ಬುಡ ಸೀಳಿ ಗೆಣ್ಣು ನೋಡತಿದ್ದೆ. ಗ್ರಾಮಸೇವಕ ಸೈಕಲ್ ಮ್ಯಾಲ ಊರೂರು ತಿರುಗಿ ಕೇಳಿದ. ಹೆಂಗಸರಿಗೆ ಪಾಲು ಕೊಡ್ತೀನಿ ಅಂದವರು ಒಬ್ಬರೂ ಸಿಗಲಿಲ್ಲ. ಅಗಿ ಮಾರ್ರಿ ಅಂದವರು ಸಿಕ್ಕರು. ಚಾಚಾನ ಬಾವಿನೂ ಇಳೀತಿತ್ತು. ಅವನ ಎತ್ತು ದಿನಾ ಬಾವಿಯಾಗಿಂದ ಮ್ವಾಟದ ತೊಗಲಿನ ಚೀಲ ಎಳದು ಬದನಿಗೆ ಹಾಕೋ ನೀರಿನಾಗ ನಮ್ಮ ಮಡಿಗೂ ಪಾಲು ಹೋಗ್ತಿತ್ತು. ಅವನು ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಬದನಿ ಗಿಡ ಬಾಡಿದ್ದು ನಾವೇ ನೋಡಿದೆವು.

ಒಂದಿನ ಕೆಳಗಿನ ಎಲಿಯ ತುದಿ ಹಳದಿ ಬಿತ್ತು. ಹಿರೇಕಿ ಕುಡುಗೋಲು ತಂದಳು. ಆಡಿಗೆ ಹಾಕೋಣು, ಆಕಿ ಗದ್ದಿಗೆ ಇವು ಹೋಗೋದು ಬ್ಯಾಡ ಅಂದಳು. ಉಳಿದ ಮೂವರೂ ಹೂಂ ಅಂದರು. ಖರೇ ಹೇಳಬೇಕಂದ್ರ ನನಗೂ ಅದೇ ಹಿತ ಅನಿಸಿತ್ತು. ಆಕಿ ಬಂದು ಖಾಲಿ ಮಡಿ ನೋಡಲಿ ಅಂತ. ಮಡಿಯಾಗ ಇಳದು ಒಂದು ಹಿಡಿ ಅಗಿ ಹಿಡದೆ.

ಚಾಚಾ ಮ್ವಾಟ ನಿಲ್ಲಿಸಿ ಬಂದ. "ಬೇಟಿ, ಗುಸ್ಸಾ ಆಕಿ ಮ್ಯಾಲ ಅದ. ಇವಕ್ಕೇನ್ ಗೊತ್ತು? ಪೋತ್ನಾಳದಾಗ ಒಬ್ಬ ಗೌಡತಿ ಅದಾಳ, ಆಕಿ ಅಗಿ ಮಡಿ ಕಾಲುವಿ ಒಡದು ಕೊಚ್ಚಿ ಹೋಗ್ಯಾದ ಅಂತ ಸಂತಿಯಾಗ ಕೇಳಿದೆ. ಹೋಗಿ ನೋಡು."

ಹಿಡದ ಹಿಡಿ ಬಿಟ್ಟೆ. ಅವತ್ತೇ ಪೋತ್ನಾಳಕ್ಕ ಹೋದೆ, ಬೇರು ಸಮೇತ ಒಂದು ಕಟ್ಟು ಅಗಿ ಒದ್ದಿ ಬಟ್ಟಿಯಾಗ ಸುತ್ತಿಕೊಂಡು. ಗೌಡತಿ ಗಂಡ ಸತ್ತಾಕಿ, ಒಬ್ಬಾಕಿನೇ ಒಕ್ಕಲುತನ ಮಾಡಾಕಿ. ಹೊಲ ಹದ ಮಾಡಿ, ನೀರು ನಿಲ್ಲಿಸಿ, ಅಗಿ ಇಲ್ಲದ ತಲಿ ಮ್ಯಾಲ ಕೈ ಹೊತ್ತು ಕುಂತಿದ್ದಳು. ನನ್ನ ಕಟ್ಟು ಬಿಚ್ಚಿ ನೋಡಿ ಆಕಿ ಕಣ್ಣು ಅರಳಿತು. ಎಷ್ಟಕ್ಕ ಕೊಡ್ತಿ ಅಂದಳು. ಮಾರಂಗಿಲ್ಲ, ಪಾಲು ಬೇಕು ಅಂದೆ. ಅಗಿ ನಮ್ಮದು, ಕೈ ನಮ್ಮದು, ನೆಲ ನೀರು ನಿಮ್ಮದು, ಕಣದಾಗ ಅರ್ಧಾ ಅರ್ಧಾ.

"ಹೆಂಗಸರು ಪಾಲು ಮಾಡಿದ್ದು ಎಲ್ಲಿ ಅದ?"

"ನೆಡಾಕ ಹೆಂಗಸರು, ಕಳಿ ಕೀಳಾಕ ಹೆಂಗಸರು, ಕೊಯ್ಯಾಕ ಹೆಂಗಸರು. ಪಾಲಿಗೆ ಮಾತ್ರ ಮೀಸಿ ಬೇಕೇನ್ರಿ? ನಿಮಗೂ ಮೀಸಿ ಇಲ್ಲಲ್ಲ."

ಗೌಡತಿ ಸವಳು ಇರೋ ಮೂಲಿ ಸೇರಿಸಿ ಸಣ್ಣ ತುಂಡು ಕೊಡ್ತೀನಿ, ಬೇಕಾದ್ರ ಮಾಡ್ರಿ ಅಂದಳು. ಧಣಿ ಹೊಲದ ಅರ್ಧಕ್ಕೂ ಕಮ್ಮಿ ಅದು, ಒಂದು ಮೂಲ್ಯಾಗ ಉಪ್ಪು ಬೆಳ್ಳಗ ಹೊಳೀತಿತ್ತು. ಹೂಂ ಅಂದೆ.

ಅಗಿ ಕಿತ್ತು, ಬೇರು ತೊಳದು, ಸೂಡು ಕಟ್ಟಿ, ಚಾಚಾನ ಎತ್ತಿನ ಬಂಡಿಯಾಗ ಹುಲ್ಲು ಹಾಸಿ ಒಯ್ದೆವು. ದಾರಿಯಾಗ ಬಂಡಿ ಧಣಿ ಹೊಲದ ಮಗ್ಗಲೇ ಹೋಗಬೇಕು. ಬಲಮಗ್ಗಲಿನಾಕಿ ಬದುವಿನ ಮ್ಯಾಲ ನಿಂತಿದ್ದಳು. ಬಂಡಿ ತನ್ನ ಹೊಲಕ್ಕ ಬಂತು ಅಂತ ತಿಳಕೊಂಡು ಸೆರಗು ಸೊಂಟಕ್ಕ ಕಟ್ಟಿ ಎದುರಿಗೆ ಬಂದಳು. ಚಾಚಾ ಎತ್ತು ನಿಲ್ಲಿಸಲಿಲ್ಲ. ಆಕಿ ಮಾರಿ ಮ್ಯಾಲಿನ ನಗು ಹಂಗೇ ಇತ್ತು, ಬಂಡಿ ದಾಟಿ ಹೋದ ಮ್ಯಾಲೂ.

ಮೊದಲ ದಿನ ನಮ್ಮ ಸಾಲು ಸೊಟ್ಟ ಬಂತು. ಗ್ರಾಮಸೇವಕನ ಹತ್ತಿರ ಕಲಿಯುವಾಗ ಹಗ್ಗದ ಒಂದು ತುದಿ ನಾನು ಹಿಡೀತಿದ್ದೆ, ಇನ್ನೊಂದು ತುದಿ ಬಲಮಗ್ಗಲಿನಾಕಿ. ಇಬ್ಬರೂ ಒಂದೇ ಸಲ ಎತ್ತಿ, ಒಂದೇ ಸಲ ಬಿಗೀತಿದ್ದೆವು, ಮಾತಿಲ್ಲದ. ಈಗ ಹಿರೇಕಿ ಕೈಗೆ ಆ ತುದಿ ಕೊಟ್ರ ಆಕಿ ಎಳದ್ರ ನಾನು ಸಡಲು, ನಾನು ಎಳದ್ರ ಆಕಿ ಸಡಲು. ನನ್ನ ಬಲಕ್ಕ ನೆಡಾಕ ಯಾರೂ ಇಲ್ಲದ ಅಷ್ಟು ಜಾಗ ಖಾಲಿ ಉಳೀತಿತ್ತು, ಅದನ್ನ ನಾನೇ ಹೊಳ್ಳಿ ಹೋಗಿ ತುಂಬಬೇಕಿತ್ತು. ಸವಳಿನ ಮೂಲಿಗೆ ನೀರು ನಿಲ್ಲಿಸೋದು, ಬಸಿಯೋದು, ಮತ್ತ ನಿಲ್ಲಿಸೋದು ಮಾಡಿ ಉಪ್ಪು ತೊಳದೆವು. ಆದ್ರೂ ಅಲ್ಲಿ ಅರ್ಧ ಅಗಿ ಸುಟ್ಟವು. ಉಳಿದದ್ದು ಹಿಡೀತು. ಸಾಲು ಇದ್ದದ್ದಕ್ಕ ಗ್ರಾಮಸೇವಕ ತಂದುಕೊಟ್ಟ ಕಳಿ ತೆಗಿಯೋ ತಿರುಗಣಿ ಗಾಲಿ ನಡುವ ಸರಾಗ ಓಡಿತು. ರಸ್ತೆ ಮ್ಯಾಲ ಹೋಗೋ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡತಿದ್ದರು.

ಇಲ್ಲಿ ಮೊಮ್ಮಗಳು ನನ್ನ ಭುಜದ ಮ್ಯಾಲಿಂದ ಇಣುಕಿ ಓದಿದಳು. ಬಲಮಗ್ಗಲಿನಾಕಿದು ಏನಾತು, ಬೆಳಿ ಹಾಳಾತೇನು ಅಂತ ಕೇಳಿದಳು. ಹಾಳಾಗಬೇಕು ಅಂತ ಮೊಮ್ಮಗಳ ಮನಸ್ಸು, ಕಥಿಯಾಗ ಹಂಗೇ ಆಗ್ತದಲ್ಲ. ಹಾಳಾಗಲಿಲ್ಲ. ಬಲಮಗ್ಗಲಿನಾಕಿ ಎಲ್ಲಿಂದಲೋ ಬಲ್ತ ಅಗಿ ತಂದು, ಹೊರಗಿನ ಕೂಲಿಯವರನ್ನ ಕರದು ನಾಟಿ ಮಾಡಿಸಿದಳು. ನೀರು ಆ ವರ್ಷ ಕೊನಿವರೆಗೂ ತಪ್ಪದ ಬಂತು. ಹೊಲ ದೊಡ್ಡದು, ಬೀಳು ಬಿದ್ದ ಮಣ್ಣಿನ ಸತ್ವ. ನಮ್ಮದಕ್ಕಿಂತ ಆಕಿದೇ ಹೆಚ್ಚು ಬೆಳೀತು. ನಾನು ಮೊಮ್ಮಗಳಿಗೆ ಹಂಗೇ ಹೇಳಿದೆ.

ಸುಗ್ಗಿಗೆ ಗೌಡತಿ ಕಣದಾಗ ನಮ್ಮ ರಾಶಿ ಬಿತ್ತು. ಸಣ್ಣ ರಾಶಿ. ಗೌಡತಿ ಅರ್ಧ ಗೆರಿ ಹೊಡದು, ಇದು ನಿಮ್ಮದು ಅಂತ ಎಲ್ಲರ ಮುಂದ ಅಂದಳು. ಹಿರೇಕಿ ರಾಶಿಯಾಗ ಮೊಣಕೈತನಕ ಕೈ ಇಳಿಸಿ, ತೆಗಿಯದ ಹಂಗೇ ಕುಂತುಬಿಟ್ಟಳು. ಆಕಿಗೆ ಅರವತ್ತರ ಮ್ಯಾಲ ಆಗಿತ್ತು, ಇದು ನಿಮ್ಮದು ಅಂತ ಯಾರೂ ಆಕಿಗೆ ಅಂದಿದ್ದಿಲ್ಲ.

ನಾವು ನಮ್ಮ ಪಾಲಿನ ಭತ್ತ ಇನ್ನೊಮ್ಮೆ ತೂರುತಿದ್ದಾಗ ಬಲಮಗ್ಗಲಿನಾಕಿ ಬಂದಳು. ತಲಿ ಮ್ಯಾಲ ಚೀಲ. ಒಬ್ಬಾಕಿನೇ ಮಾನ್ವಿಯಿಂದ ಹೊತ್ತುಕೊಂಡು ಬಂದಿದ್ದಳು, ಕುತ್ತಿಗಿ ನರ ಉಬ್ಬಿದ್ದವು. ಚೀಲ ಕಣದ ನಡುವ ಇಳಿಸಿ, ಸೆರಗಿನಿಂದ ಮಾರಿ ಒರಸಿಕೊಂಡು, ನನ್ನ ಬಲಕ್ಕ ಬಂದು ನಿಂತಳು, ದಿನಾ ನಿಂತಂಗ. ಉಳಿದವರು ತೂರೋದು ನಿಲ್ಲಿಸಿದರು.

"ನಿಮ್ಮ ಐದೂ ಮಂದಿ ಪಾಲು ತಂದೀನಿ" ಅಂದಳು. "ಗಂಡಗ ಗೊತ್ತಿಲ್ಲ. ಅವತ್ತ ಅಂದಿದ್ದೆನಲ್ಲ, ನಿಮ್ಮನ್ನ ಬಿಟ್ಟಿಲ್ಲ ಅಂತ."

ಚೀಲದ ಬಾಯಿ ಬಿಚ್ಚಿದಳು. ಚಲೋ ಭತ್ತ, ತುಂಬಿದ ಕಾಳು, ನಮ್ಮದಕ್ಕಿಂತ ದಪ್ಪ. ಆಕಿ ಖರೇನ ಮೊದಲಿಂದ ಹಂಗ ಅಂದುಕೊಂಡಿದ್ದಳೋ, ಇಲ್ಲಾ ಬಂಡಿ ದಾಟಿ ಹೋದ ಮ್ಯಾಲ ಅಂದುಕೊಂಡಳೋ ನನಗ ಗೊತ್ತಿಲ್ಲ. ಆಕಿ ಸಾಯೋವರೆಗೂ ಕೇಳಲಿಲ್ಲ. ನಾನು ಚೀಲದ ಕಡಿ ನೋಡಿದೆ, ಆಕಿ ಕಡಿ ನೋಡಿದೆ. ಬಾಯಿಗೆ ಬಂದದ್ದು ಇಷ್ಟ:

"ನಾ ಭತ್ತ ಕೇಳಿದ್ದಿಲ್ಲ. ದೇವದುರ್ಗದ ಬಸ್ಸಿನಾಗ ನನ್ನ ಮಗ್ಗಲು ಕುಂಡ್ರಬೇಕಾಗಿತ್ತು ನೀನು."

ನಗಿಸೋ ಮಾತು ಯಾವುದೂ ಆಕಿಗೆ ಸಿಗಲಿಲ್ಲ, ಹುಡುಕಿದ್ದು ಮಾರಿ ಮ್ಯಾಲ ಕಾಣ್ತಿತ್ತು. ಹೊಳ್ಳಿ ಹೋದಳು. ಚೀಲ ಒಯ್ಯಲಿಲ್ಲ.

ನಾವೂ ಅದನ್ನ ಮುಟ್ಟಲಿಲ್ಲ. ನಮ್ಮ ಪಾಲು ಅಳದು ಹೊತ್ತುಕೊಂಡೆವು. ಹೋಗೋ ಮುಂದ ಕಣ ಗುಡಿಸಬೇಕಲ್ಲ, ಆ ಚೀಲದ ಸುತ್ತ ಗುಡಿಸಿದೆವು.